ಪಾವಟಿಗೆಯ ನಡುವಿನ ಗೇಣು

ಹೋದ ತಿಂಗಳು ಇಳಕಲ್ಲಿನ ಹಳೆಯ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಬಾಗಲಕೋಟೆಗೆ ಬಂದು ನೆಲೆಸಿದ ಮೇಲೆ ಆ ಮನೆಗೆ ಹೋಗುವುದು ಯಾರಾದರೂ ಹುಟ್ಟಿದಾಗ, ಇಲ್ಲವೇ ಯಾರದಾದರೂ ಮದುವೆಯಾದಾಗ. ಒಳಗೆ ಕಾಲಿಟ್ಟ ಕೂಡಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಕಾರ್ಯದ ಸಲುವಾಗಿ ಮೆಟ್ಟಿಲ ಗೋಡೆಗೆ ಸುಣ್ಣ ಹೊಡೆಸಿದ್ದರು. ಹಸಿ ಸುಣ್ಣ ಎಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದಂತೆ. ನನಗೆ ಬೆಲ್ಲ ನೆನಪಾಗುತ್ತದೆ, ಇಬ್ಬರು ಮಾವಂದಿರ ಗಂಟುಮೋರೆ ನೆನಪಾಗುತ್ತದೆ, ಆಮೇಲೆ ನಗು ಬರುತ್ತದೆ. ತೊಟ್ಟಿಲ ಮುಂದೆ ಕೂತು ತನ್ನಷ್ಟಕ್ಕೆ ನಗುತ್ತಿದ್ದ ಈ ಮುದುಕಿಯನ್ನು ನೋಡಿ ಬೀಗರು ಏನಂದುಕೊಂಡರೋ ಗೊತ್ತಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಾದಾಮಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬಂದವಳನ್ನು ಅತ್ತೆ ಮೊದಲು ಕರೆದುಕೊಂಡು ಹೋದದ್ದು ಮೇಲಿನ ಖೋಲಿಗೆ, ಆಯಿಯ ಪಾದ ಮುಟ್ಟಿಸಲು. ಆಯಿ ಎಂದರೆ ನನ್ನ ಮಾವನ ತಾಯಿ. ನಾನು ತಲೆ ಬಗ್ಗಿಸಿಕೊಂಡು ಮೊದಲ ಮೆಟ್ಟಿಲ ಮೇಲೆ ಬಲಗಾಲು ಇಟ್ಟೆ. ಬಲಗಾಲೇ ಇಡಬೇಕು ಎಂದು ನಮ್ಮವ್ವ ಹೇಳಿ ಕಳಿಸಿದ್ದಳು. ಇಟ್ಟದ್ದೇ ತಡ, ಅತ್ತೆ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದರು.

"ಆ ಕಡೆ ಅಲ್ಲಬೇ, ಈ ಕಡೆ. ಎಡಬಾಜು ನಮ್ಮದು."

ಮೆಟ್ಟಿಲಿಗೂ ಎಡಬಲದ ಒಡೆತನ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಬಾದಾಮಿಯವಳು ನಾನು, ಗುಡ್ಡದ ಮೆಟ್ಟಿಲು ಹತ್ತಿ ಇಳಿದು ಬೆಳೆದವಳು. ಎಷ್ಟೋ ಮೆಟ್ಟಿಲು ಕಂಡಿದ್ದೆ, ಇಂಥದ್ದನ್ನು ಕಂಡಿರಲಿಲ್ಲ.

ನೇಕಾರರ ಓಣಿಯ ಮನೆ ಅದು. ಬೀದಿಯಿಂದ ಒಳಗೆ ಬಂದರೆ ಎದುರಿಗೇ ಕಲ್ಲಿನ ಪಾವಟಿಗೆ, ನಾಲ್ಕು ಮೊಳ ಅಗಲ, ಹದಿನಾಲ್ಕು ಮೆಟ್ಟಿಲು. ಅದರ ಎಡಕ್ಕೆ ನಮ್ಮ ಬಾಗಿಲು, ಬಲಕ್ಕೆ ಮಾವನ ಅಣ್ಣ, ಅಂದರೆ ದೊಡ್ಡ ಮಾವನವರ ಬಾಗಿಲು. ಎರಡೂ ಕಡೆ ಕುಣಿಮಗ್ಗ ಬೆಳಗಿನಿಂದ ಬಡಿದುಕೊಳ್ಳುತ್ತಿದ್ದವು. ಆಯಿಯ ಗಂಡ, ನಮ್ಮ ಅಜ್ಜ, ತೀರಿಕೊಂಡ ವರ್ಷವೇ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗಿತ್ತು. ಓಣಿಯ ಹಿರಿಯರು ಕೂತು ಎಲ್ಲವನ್ನೂ ಸರಿಯಾಗಿ ಎರಡು ಪಾಲು ಮಾಡಿದ್ದರಂತೆ. ಎಷ್ಟು ಸರಿ ಎಂದರೆ ನೀರು ಕಾಯಿಸುವ ತಾಮ್ರದ ಹಂಡೆ ನಮ್ಮ ಪಾಲಿಗೆ ಬಂದಿತ್ತು, ಅದರ ಮುಚ್ಚಳ ಅವರ ಪಾಲಿಗೆ ಹೋಗಿತ್ತು. ಆ ಮುಚ್ಚಳದ ಮೇಲೆ ಎದ್ದ ಮಾತಿಗೆ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮೆಟ್ಟಿಲನ್ನು ಮಾತ್ರ ಹಿರಿಯರಿಗೆ ಒಡೆಯಲು ಬಂದಿರಲಿಲ್ಲ. "ಪಾವಟಿಗಿ ಸಾಮಾಯಿಕ" ಎಂದು ಕಾಗದದಲ್ಲಿ ಬರೆದು ಎದ್ದಿದ್ದರು. ಅಂದರೆ ಅದು ಇಬ್ಬರಿಗೂ ಸೇರಿದ್ದು.

ಇಬ್ಬರಿಗೂ ಸೇರಿದ್ದರ ಗತಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ಆ ಮೆಟ್ಟಿಲು ನೋಡಬೇಕಿತ್ತು. ಹನ್ನೊಂದು ವರ್ಷ ಯಾರೂ ಒಂದು ಚಿಪ್ಪು ಸುಣ್ಣ ಹಚ್ಚಿರಲಿಲ್ಲ. ನಾನು ಮಾಡಿಸಿದರೆ ಅವನು ಪುಕ್ಕಟೆ ಹತ್ತುತ್ತಾನೆ ಎಂದು ಇವರು, ಇವನ ಸಲುವಾಗಿ ನಾನೇಕೆ ಎಂದು ಅವರು. ಕಲ್ಲುಗಳು ನಡುವೆ ಒರಳಿನಂತೆ ತಗ್ಗು ಬಿದ್ದಿದ್ದವು. ಮಳೆಗಾಲದಲ್ಲಿ ಮೇಲಿನ ಬೆಳಕಿಂಡಿಯಿಂದ ಸೋರಿದ ನೀರು ಆ ತಗ್ಗಿನಲ್ಲಿ ನಿಂತು ಗುಬ್ಬಿಗಳು ಸ್ನಾನ ಮಾಡುತ್ತಿದ್ದವಂತೆ. ಅವು ಬಾದಾಮಿ ಕಡೆಯ ಮೆತ್ತನೆಯ ಕೆಂಪು ಕಲ್ಲು. ಆಯಿಯನ್ನು ಮದುವೆಯಾದ ವರ್ಷ ಅಜ್ಜ ಚಕ್ಕಡಿಯಲ್ಲಿ ಹೇರಿಸಿ ತಂದು ಹಾಕಿಸಿದ್ದರಂತೆ. ನಮ್ಮೂರ ಕಲ್ಲು ನನಗಿಂತ ಮೊದಲೇ ಈ ಮನೆಗೆ ಬಂದಿದೆ ಎಂದು ತಿಳಿದು ನನಗೆ ಖುಷಿಯಾಗಿತ್ತು. ತವರಿನವರು ಯಾರೋ ಇದ್ದಾರೆ ಅನ್ನಿಸಿತ್ತು.

ಇನ್ನು ಕಸ ಗುಡಿಸುವ ವೈಖರಿ. ಮುಂಜಾನೆ ಅತ್ತೆ ಎಡಗಡೆ ಗುಡಿಸುತ್ತಿದ್ದರು. ಅವರು ಒಳಗೆ ಹೋದ ಮೇಲೆ ದೊಡ್ಡ ಅತ್ತೆ ಬಂದು ಬಲಗಡೆ ಗುಡಿಸುತ್ತಿದ್ದರು. ತನ್ನ ಕಸಬರಿಗೆ ಇನ್ನೊಬ್ಬರ ಪಾಲಿಗೆ ತಾಗಬಾರದು ಎಂದು ಇಬ್ಬರೂ ಒಂದಿಷ್ಟು ಈಚೆಗೇ ನಿಲ್ಲಿಸುತ್ತಿದ್ದರು. ಹಾಗಾಗಿ ಮೇಲಿನಿಂದ ಕೆಳಗಿನವರೆಗೂ ನಡುವೆ ಒಂದು ಗೇಣು ಅಗಲದ ಧೂಳು ಉಳಿಯುತ್ತಿತ್ತು. ಆಮೇಲೆ ಆಯಿ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ, ಕೂತು ಕೂತು ಆ ಧೂಳನ್ನು ಗುಡಿಸಿಕೊಂಡು ಬರುತ್ತಿದ್ದಳು. ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತು ಎರಡೂ ಮನೆಗಳ ಮಗ್ಗಕ್ಕೆ ಲಾಳಿಯ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಮುಂಜಾನೆಯ ರೊಟ್ಟಿ ನಮ್ಮ ಮನೆಯಿಂದ, ಸಂಜೆಯದು ಅವರ ಮನೆಯಿಂದ. ರಾತ್ರಿ ಮಲಗಲು ಮತ್ತೆ ಮೇಲೆ. ಮೇಲಿನ ಖೋಲಿ ಯಾರ ಪಾಲಿಗೂ ಬಂದಿರಲಿಲ್ಲ. ಅದು ಆಯಿ ಇರುವ ತನಕ ಆಯಿಯದು ಎಂದಾಗಿತ್ತು.

ಯುಗಾದಿ ಮುಗಿದ ವಾರದಲ್ಲೇ ಆಯಿ ಜಾರಿದಳು. ಕೈಯಲ್ಲಿ ನೀರಿನ ತಂಬಿಗೆ ಇತ್ತು, ಏಳನೆಯ ಮೆಟ್ಟಿಲ ತಗ್ಗಿನಲ್ಲಿ ಕಾಲು ಹೊರಳಿತು. ಮೂರು ಮೆಟ್ಟಿಲು ಕೂತುಕೊಂಡೇ ಇಳಿದಳು. ತಂಬಿಗೆ ಮಾತ್ರ ಬೀದಿಯವರೆಗೂ ಹೋಯಿತು. ಎರಡೂ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಎರಡು ಬಾಗಿಲುಗಳಿಂದ ಇಬ್ಬರು ಮಕ್ಕಳು ಓಡಿ ಬಂದರು. ಮಾವ ಎಡರಟ್ಟೆ ಹಿಡಿದರು, ದೊಡ್ಡ ಮಾವ ಬಲರಟ್ಟೆ ಹಿಡಿದರು. ಕಾಲು ಮುರಿದಿರಲಿಲ್ಲ, ಪಾದದ ಮೇಲಿನ ಹರಡು ಉಬ್ಬಿತ್ತು.

"ಯವ್ವಾ, ಮ್ಯಾಲ ಇದ್ದದ್ದು ಸಾಕಿನ್ನ. ನಮ್ಮ ಮನ್ಯಾಗ ಇರು ಬಾ," ಎಂದರು ಮಾವ.

"ಯವ್ವಾ, ನಮ್ಮ ಪಡಸಾಲ್ಯಾಗ ಹಾಸ್ಗಿ ಹಾಸಸ್ತೇನಿ," ಎಂದರು ದೊಡ್ಡ ಮಾವ, ತಮ್ಮನ ಮಾತು ಕಿವಿಗೆ ಬಿದ್ದೇ ಇಲ್ಲ ಎಂಬಂತೆ.

ಆಯಿ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳ ಬಾಯಲ್ಲಿ ಮಾವ ಸಂಗ್ಯಾ, ದೊಡ್ಡ ಮಾವ ಈರ್ಯಾ. "ಸಂಗ್ಯಾನ ಮನಿಗೆ ಹೋದ್ರ ಈರ್ಯಾಗ ತಾಯಿಲ್ಲ. ಈರ್ಯಾನ ಮನಿಗೆ ಹೋದ್ರ ಸಂಗ್ಯಾಗ ತಾಯಿಲ್ಲ. ಮನಿ ಹೋಳಾತು, ಮಗ್ಗ ಹೋಳಾದೂವು. ನಾ ಹೋಳಾಗಾಕಿ ಅಲ್ಲ. ಮಿರಗದ ಮಳಿ ಬರೂದ್ರಾಗ ಈ ಪಾವಟಿಗಿ ನೆಟ್ಟಗ ಮಾಡಸ್ರಿ. ಇಲ್ಲಂದ್ರ ನಾ ಸಂಗಮಕ್ಕ ಹೋಗಿ ಕುಂದರ್ತೇನಿ. ಅಲ್ಲಿ ದಾಸೋಹ ಐತಿ, ಹೊಳಿ ಐತಿ, ಇಬ್ಬರ ಹಂಗೂ ಇಲ್ಲ."

ಮುದುಕಿಯ ಸಿಟ್ಟು ಎಂದುಕೊಂಡೆವು. ಮಾರನೆಯ ದಿನ ರೊಟ್ಟಿ ಕೊಡಲು ಹೋದಾಗ ನೋಡುತ್ತೇನೆ, ಮೇಲಿನ ಮೆಟ್ಟಿಲ ತುದಿಯಲ್ಲಿ ಒಂದು ಬಟ್ಟೆಯ ಗಂಟು ಕೂತಿತ್ತು. ಹತ್ತುವವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದಳು. ಕೂಡಲಸಂಗಮ ಏನು ದೂರ, ಬಸ್ಸು ಹತ್ತಿದರೆ ಆಯಿತು. ಎರಡೂ ಮನೆಗಳಲ್ಲಿ ಎರಡು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮೂರನೆಯ ದಿನ ಗೌಂಡಿ ರಾಜೇಸಾಬ ಬಂದ. ಎಲೆ ಅಡಿಕೆ ಜಗಿಯುತ್ತ ಹದಿನಾಲ್ಕೂ ಮೆಟ್ಟಿಲನ್ನು ಕರಣಿಯ ಹಿಡಿಯಿಂದ ಬಡಿದು ಕೇಳಿದ. ಇಬ್ಬರು ಮಾವಂದಿರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು.

"ಕಲ್ಲಿಗೆ ಏನೂ ಆಗಿಲ್ಲರಿ. ಎಬ್ಬಿಸಿ ಬೋರಲ ಹಾಕಿದ್ರ ಮೊಮ್ಮಕ್ಕಳ ಕಾಲಕ್ಕೂ ಬರ್ತಾವ. ನನ್ನ ಕೂಲಿ, ಒಂದಿಷ್ಟು ಸುಣ್ಣ. ಮುಗೀತು."

ಇಷ್ಟು ಸುಲಭದ ದಾರಿ ಇದ್ದರೆ ನಮ್ಮ ಮನೆಯವರು ಅದನ್ನು ಹಿಡಿಯುತ್ತಾರೆಯೇ? ಎರಡೂ ಕಡೆ ನೇಯ್ದರೆ ಊಟ ಎನ್ನುವ ಪರಿಸ್ಥಿತಿ ಇತ್ತು, ಅದು ಬೇರೆ ಮಾತು. ಆದರೆ ಹಳೆಯ ಕಲ್ಲು ಹೊರಳಿಸಿ ಹಾಕಿದ ಎಂದು ಅಣ್ಣನ ಎದುರು ತಮ್ಮ ಅನ್ನಿಸಿಕೊಳ್ಳಬಾರದು, ತಮ್ಮನ ಎದುರು ಅಣ್ಣನಂತೂ ಅನ್ನಿಸಿಕೊಳ್ಳಲೇಬಾರದು.

"ರಾಜೇಸಾಬ, ನಮ್ಮ ಬಾಜೂಕ ಹೊಸಾ ಕಲ್ಲು ಹಾಕು," ಎಂದರು ದೊಡ್ಡ ಮಾವ.

"ರಾಜೇಸಾಬ, ನಮ್ಮ ಬಾಜೂಕೂ ಹೊಸಾವ," ಎಂದರು ಮಾವ.

"ಅಲ್ರಿ, ಒಂದ ಪಾವಟಿಗಿಗೆ ಎರಡೆರಡು ಕಲ್ಲ?" ಎಂದು ರಾಜೇಸಾಬ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಅವನು ಬೀದಿಗೆ ಹೋಗಿ ಎಲೆ ಅಡಿಕೆ ಉಗುಳಿ ಬಂದು, "ಆಯ್ತು, ಅಳತಿ ನೀವ ಕೊಡ್ರಿ. ನನ್ನ ಮ್ಯಾಲ ಮಾತು ಬ್ಯಾಡ," ಎಂದ. ಜಾಣ.

ಊರ ಸುತ್ತ ಕೆಂಪು ಕಲ್ಲಿನ ಖಣಿಗಳಿದ್ದವು. ಆ ಕಲ್ಲು ಉಕ್ಕಿನಂಥದು. ದೊಡ್ಡ ಬಂಡೆಗಳನ್ನು ದೂರದೂರಿಗೆ ಕಳಿಸಿ ಉಳಿದ ತುಂಡುಗಳನ್ನು ಅಗ್ಗಕ್ಕೆ ಕೊಡುತ್ತಿದ್ದರು. ಅರ್ಧರ್ಧ ಮೆಟ್ಟಿಲಿಗೆ ತುಂಡು ಸಾಕು, ಹಾಗಾಗಿ ಇವರ ಹಟ ಕೈಗೆ ಎಟುಕುವಂಥದ್ದೇ ಆಯಿತು. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ, ಅದರ ಸುದ್ದಿಯನ್ನೇ ಯಾರೂ ತೆಗೆಯಲಿಲ್ಲ. ಹಳೆಯ ಪದ್ಧತಿಯಂತೆ ಸುಣ್ಣ, ಉಸುಕು, ಬೆಲ್ಲದ ನೀರು ಕೂಡಿಸಿ ಅರೆದ ಗಚ್ಚು ಎಂದು ತೀರ್ಮಾನವಾಯಿತು.

ಅಳತೆ ತೆಗೆದುಕೊಂಡದ್ದು ಹೀಗೆ. ನೇಕಾರರಿಗೆ ಟೇಪು ಬೇಕೇ? ಮಧ್ಯಾಹ್ನ ದೊಡ್ಡ ಮಾವನವರ ಮನೆಯಲ್ಲಿ ಎಲ್ಲರೂ ಮಲಗಿದ ಹೊತ್ತು ನೋಡಿ ನಮ್ಮ ಮಾವ ಒಂದು ನೂಲು ತಂದರು. ಎಡಗೋಡೆಗೆ ಒಂದು ತುದಿ ಹಿಡಿಯಲು ನನಗೆ ಕೊಟ್ಟು, ಇನ್ನೊಂದು ತುದಿಯನ್ನು ಮೆಟ್ಟಿಲ ನಡುವಿಗೆ ಎಳೆದರು. ಗಂಟು ಹಾಕಬೇಕು ಎನ್ನುವಾಗ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು:

"ಆರು ಬೆರಳು ಈಚೀಕ ಹಾಕ್ರಿ. ನಮ್ಮ ಕಲ್ಲು ಅವರ ಪಾಲಿನ ಮ್ಯಾಲ ಹೋಗಿತ್ತು ಅಂತ ನಾಳೆ ಮಾತು ಬರಬಾರದು."

ಮಾವನಿಗೂ ಅದೇ ಸರಿ ಅನ್ನಿಸಿತು. ಆರು ಬೆರಳು ಬಿಟ್ಟು ಗಂಟು ಹಾಕಿದರು.

ಮಾರನೆಯ ದಿನ ಅದೇ ಹೊತ್ತಿಗೆ ನಾನು ಮೇಲೆ ಆಯಿಯ ಹರಡಿಗೆ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದೆ. ಕೆಳಗೆ ಪಿಸುಮಾತು ಕೇಳಿ ಇಣುಕಿದೆ. ದೊಡ್ಡ ಮಾವ ನೂಲು ಹಿಡಿದು ಬಗ್ಗಿದ್ದರು, ದೊಡ್ಡ ಅತ್ತೆ ಬಲಗೋಡೆಗೆ ತುದಿ ಒತ್ತಿ ಹಿಡಿದಿದ್ದರು. "ಸಣ್ಣಾಂವ ಅದಾನ, ಅವನ ಪಾಲಿಗೆ ಕೈ ಹಾಕಿದಂಗ ಆಗಬಾರದು," ಎನ್ನುತ್ತ ದೊಡ್ಡ ಮಾವ ತಾವೂ ಆರು ಬೆರಳು ಅಳೆದು, ಅದರ ಈಚೆ ಗಂಟು ಹಾಕಿದರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆರು ಮತ್ತು ಆರು ಹನ್ನೆರಡು ಬೆರಳು, ಸರಿಯಾಗಿ ಒಂದು ಗೇಣು. ಹೇಳಬೇಕು, ಆದರೆ ಯಾರಿಗೆ ಹೇಳುವುದು? ಹೊಸ ಸೊಸೆ ಮಾವನ ಎದುರು ಬಾಯಿ ಬಿಡುವ ಕಾಲವಲ್ಲ ಅದು. ಇವರಿಬ್ಬರು ಒಬ್ಬರೊಡನೊಬ್ಬರು ಮಾತಾಡುವುದಿಲ್ಲ, ನಾನು ಇಬ್ಬರೊಡನೆಯೂ ಮಾತಾಡುವಂತಿಲ್ಲ. ತಿರುಗಿ ಆಯಿಗೆ ಹೇಳಿದೆ. ಆಯಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಉಬ್ಬಿದ ಕಾಲು ಅಲುಗಿ "ಅಯ್ಯಯ್ಯೋ" ಎಂದು ಕೂಗಿಕೊಂಡಳು.

"ನೀ ಬಾಯಿ ಮುಚ್ಚಿಕೊಂಡಿರು, ಮಗಳ. ಇದನ್ನ ಯಾರ ಮುಂದೂ ಆಡಬ್ಯಾಡ," ಎಂದಳು. ಸಂಜೆ ರಾಜೇಸಾಬನನ್ನು ಕರೆಸಿ, "ಹಳೇ ಕಲ್ಲು ಒಂದೂ ಒಗೀಬ್ಯಾಡಪಾ. ಹಿತ್ತಲದಾಗ ಒಟ್ಟು. ನನಗ ಬೇಕಾಗ್ತಾವ," ಎಂದಳು. ಮುದುಕಿಗೆ ಹಳೆಯ ವಸ್ತುವಿನ ಮೇಲೆ ಆಸೆ ಎಂದುಕೊಂಡು ಅವನು ಹಾಗೇ ಮಾಡಿದ.

ಕಲ್ಲು ಎಬ್ಬಿಸಿದ ಮೇಲೆ ಆಯಿ ಮೇಲೆಯೇ ಉಳಿದಳು. ಮಾಳಿಗೆಯ ಮೂಲೆಯಲ್ಲಿ ಬಚ್ಚಲಿತ್ತು, ತೊಂದರೆ ಇರಲಿಲ್ಲ. ನಾವು ಹಿತ್ತಲ ಕಡೆಯಿಂದ ನಿಚ್ಚಣಿಕೆ ಹಾಕಿ ಹತ್ತುತ್ತಿದ್ದೆವು. ಊಟಕ್ಕೆ ಮಾತ್ರ ಆಯಿ ಬೆಳಕಿಂಡಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುತ್ತಿದ್ದಳು. "ದಿನಾ ಒಂದ ಸಲ ಜಗ್ಗಾಕಿ ನಾ. ಎರಡು ಸಲ ಜಗ್ಗಾಕ ರಟ್ಟ್ಯಾಗ ಶಕ್ತಿ ಇಲ್ಲ. ಹಾಕೂದನ್ನ ಕೂಡೇ ಹಾಕ್ರಿ," ಎಂದಳು. ಹೀಗಾಗಿ ನಮ್ಮ ಮನೆಯ ರೊಟ್ಟಿಯ ಮೇಲೆ ಅವರ ಮನೆಯ ಬದನೆಕಾಯಿ ಎಣಗಾಯಿ ಕೂತು ಒಂದೇ ಬುಟ್ಟಿಯಲ್ಲಿ ಮೇಲೆ ಹೋಗತೊಡಗಿತು. ಇಳಿದು ಬರುವಾಗ ಪಾತ್ರೆಗಳು ಅದಲುಬದಲಾಗುತ್ತಿದ್ದವು, ನಮ್ಮ ಬಟ್ಟಲಿನ ಜಾಗದಲ್ಲಿ ಅವರ ಬಟ್ಟಲು. ತಿರುಗಿ ಕೊಡಲು ದೊಡ್ಡ ಅತ್ತೆ ನಮ್ಮ ಬಾಗಿಲಿಗೆ ಬರಲೇಬೇಕು. ಖಾಲಿ ಬಟ್ಟಲು ಕೊಡಬಾರದಲ್ಲ, ಅದರಲ್ಲಿ ಒಂದಿಷ್ಟು ಶೇಂಗಾ ಚಟ್ನಿ. ಅತ್ತೆ ಅದನ್ನು ರುಚಿ ನೋಡಿ, "ಉಪ್ಪು ಜಗ್ಗಿ ಹಾಕ್ಯಾಳ," ಎಂದು ಗೊಣಗಿದರು. ಗೊಣಗುತ್ತಲೇ ಮೂರು ರೊಟ್ಟಿ ಉಂಡರು.

ಬಿಸಿಲೆಂದರೆ ಬಿಸಿಲು. ರಾಜೇಸಾಬ ಗಚ್ಚು ಅರೆಯುವಾಗ ಬೆಲ್ಲದ ನೀರಿನ ವಾಸನೆಗೆ ಓಣಿಯ ನೊಣ, ಇರುವೆ ಎಲ್ಲವೂ ನಮ್ಮ ಮನೆಗೇ ಬೀಗರಾಗಿ ಬಂದವು. ಆ ವಾಸನೆ ಸೀರೆಗೆ, ಕೂದಲಿಗೆ, ರೊಟ್ಟಿಗೆ ಸಹ ಹತ್ತಿತ್ತು. ನಮ್ಮವರೂ ಅವರ ದೊಡ್ಡಪ್ಪನ ಮಗನೂ ಹೊರಗೆ ಚಹಾದ ಅಂಗಡಿಯಲ್ಲಿ ಮೊದಲಿನಿಂದಲೂ ಗೆಳೆಯರು, ಮನೆಯಲ್ಲಿ ಮಾತ್ರ ಅಪರಿಚಿತರು. ಅವರಿಬ್ಬರೂ ಸೇರಿ ಅಜ್ಜನ ಹಳೆಯ ಮಗ್ಗದ ಎರಡು ತೊಲೆಗಳನ್ನು ಕೆತ್ತಿ ನಯಮಾಡಿ ಎರಡೂ ಗೋಡೆಗೆ ಕೈಹಿಡಿಯಾಗಿ ಕೂಡಿಸಿದರು. ಒಂದು ಪೈಸೆ ಖರ್ಚಿಲ್ಲ. ಎಷ್ಟೋ ವರ್ಷ ಸೀರೆ ಉಜ್ಜಿ ಉಜ್ಜಿ ಆ ಕಟ್ಟಿಗೆ ರೇಷ್ಮೆಯಷ್ಟು ನುಣುಪಾಗಿತ್ತು.

ಕಲ್ಲು ಬರುವುದು ಮಾತ್ರ ತಡವಾಯಿತು. ಮಾವ ಒಂದು ಖಣಿಗೆ ನೂಲು ಕಳಿಸಿದ್ದರೆ ದೊಡ್ಡ ಮಾವ ಇನ್ನೊಂದಕ್ಕೆ. ಇವರದು ಬಂದರೆ ಅವರದು ಇಲ್ಲ. ಕಡೆಗೆ ಎರಡೂ ಬಂದು ಬೀಳುವಾಗ ಮಿರಗಕ್ಕೆ, ಅಂದರೆ ಮೃಗಶಿರೆಯ ಮಳೆಗೆ, ಒಂದು ವಾರ ಉಳಿದಿತ್ತು. ಪಡುವಣದಲ್ಲಿ ಸಂಜೆ ಹೊತ್ತು ಮೋಡ ಕಟ್ಟತೊಡಗಿತ್ತು. ಮೇಲೆ ಗಂಟು ಇದ್ದಲ್ಲಿಯೇ ಇತ್ತು.

ರಾಜೇಸಾಬ ಗೋಡೆಯ ಕಡೆಯಿಂದ ಒಂದೊಂದೇ ಕಲ್ಲು ಜೋಡಿಸಿದ. ಮೊದಲು ಎಡದ್ದು, ಆಮೇಲೆ ಬಲದ್ದು. ಜೋಡಿಸಿ ಹಿಂದೆ ಸರಿದು ನೋಡಿದ. ನಡುವೆ ಒಂದು ಗೇಣು ಬಾಯಿ ಬಿಟ್ಟುಕೊಂಡಿತ್ತು. ಎರಡನೆಯ ಮೆಟ್ಟಿಲಿಗೂ ಅಷ್ಟೇ, ಮೂರನೆಯದಕ್ಕೂ ಅಷ್ಟೇ. ಅವನು ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

"ಇದು ಯಾರ ಪಾಲ್ರಿ?" ಎಂದು ಕೇಳಿದ.

ಇಬ್ಬರು ಮಾವಂದಿರೂ ಬಂದು ನೋಡಿದರು. ಸುದ್ದಿ ಹೋಗಿ ಓಣಿಯ ಅರ್ಧ ಜನವೂ ಬಂದು ನೋಡಿದರು.

"ನಮ್ಮದಲ್ಲ. ನಮ್ಮದು ನಮ್ಮ ಕಲ್ಲಿಗೆ ಮುಗೀತು,"‌ ಎಂದರು ಮಾವ ರಾಜೇಸಾಬನಿಗೆ.

"ನಮ್ಮದಂತೂ ಅಲ್ಲ," ಎಂದರು ದೊಡ್ಡ ಮಾವ, ಅವರೂ ರಾಜೇಸಾಬನಿಗೇ.

ಇಂಥ ಜಗಳವನ್ನು ಆ ಓಣಿ ಕಂಡಿರಲಿಲ್ಲ. ಜಾಗ ನನ್ನದು ಎಂದು ತಲೆ ಒಡೆದುಕೊಂಡವರು ಉಂಟು, ನನ್ನದಲ್ಲ ಎಂದು ಹಟ ಹಿಡಿದವರನ್ನು ಯಾರು ನೋಡಿದ್ದರು? ನಾನು ತುಂಬಿಸಿದರೆ ಅವನ ಪಾಲು ನುಂಗಿದ ಹಾಗೆ ಎಂದು ಇಬ್ಬರ ಎಣಿಕೆಯೂ ಒಂದೇ. ಹನ್ನೊಂದು ವರ್ಷದಲ್ಲಿ ಅಣ್ಣತಮ್ಮಂದಿರು ಒಪ್ಪಿಕೊಂಡ ಒಂದೇ ಒಂದು ವಿಷಯ ಇದಾಗಿತ್ತು, ಅದರಿಂದಲೇ ಕೆಲಸ ನಿಂತಿತು. ಎರಡು ದಿನ ರಾಜೇಸಾಬ ಬಂದು ಕೂತು, ಬೀಡಿ ಸೇದಿ ಎದ್ದು ಹೋದ. ಮೋಡ ದಿನದಿನಕ್ಕೆ ಹತ್ತಿರ ಬರುತ್ತಿತ್ತು. ಆವತ್ತೇ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು, ನನ್ನಿಂದಲೇ ಆಯಿ ಮನೆ ಬಿಡುವ ಹಾಗಾಯಿತು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಮೂರನೆಯ ದಿನ ಮುಂಜಾನೆ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದಾಗ ಮೇಲಿನಿಂದ ಆಯಿಯ ದನಿ ಬಂತು. ಮೆಟ್ಟಿಲ ತುದಿಯಲ್ಲಿ, ಗಂಟಿನ ಪಕ್ಕದಲ್ಲೇ ಕೂತಿದ್ದಳು.

"ಮುಗೀತೇನು ನಿಮ್ಮ ನ್ಯಾಯ? ಆ ಗೇಣು ಈರ್ಯಾಂದೂ ಅಲ್ಲ, ಸಂಗ್ಯಾಂದೂ ಅಲ್ಲ. ಅದು ನಂದು."

ಇಬ್ಬರೂ ತಲೆ ಎತ್ತಿದರು.

"ವಾಟ್ನಿಯಾಗ ನಾ ಏನರ ತಗೊಂಡಿದ್ನೇನು? ಹಂಡೆ ಒಬ್ಬಾಂವ ಒಯ್ದಿ, ಮುಚ್ಚಳಾ ಒಬ್ಬಾಂವ ಒಯ್ದಿ. ನನಗೇನು ಬೇಕಂತ ಯಾರೂ ಕೇಳಲಿಲ್ಲ. ಈಗ ನೀವಾಗೇ ಬಿಟ್ಟೀರಿ, ನಾ ತಗೊಂತೇನಿ. ರಾಜೇಸಾಬ, ನನ್ನ ಪಾಲಿಗೆ ಹೊಸಾ ಕಲ್ಲು ಬ್ಯಾಡ. ಹಿತ್ತಲದಾಗಿನ ಹಳೇ ಕಲ್ಲು ತಾ. ನಡುಕ ಸವದೈತಲ್ಲ, ಆ ಭಾಗಾನ ಗೇಣು ಗೇಣು ಕತ್ತರಸು, ಬೋರಲ ಹಾಕು."

ರಾಜೇಸಾಬ ಕೆಲಸದವನಂತೆ ಹೇಳಿದ: "ಆಯಿ, ನಡುಕ ಭಾಳ ತೆಳ್ಳಗ ಆಗ್ಯಾವ. ಅಂಚಿನ ಕಡಿಗೆ ದಪ್ಪ ಅದಾವ, ಅಲ್ಲಿಂದ ಕತ್ತರಸ್ತೇನಿ."

"ಬ್ಯಾಡ. ಅದು ಇವರಿಬ್ಬರ ಅಪ್ಪ ತುಳದ ಜಾಗಾ. ತೆಳ್ಳಗಿದ್ರ ಬುಡಕ ಗಚ್ಚು ತುಂಬು. ಅವರ ಹೆಜ್ಜಿ ಒಳಗಿರಲಿ, ಮ್ಯಾಲ ನಾವು ತುಳೀತೇವಿ."

ನನಗೆ ಅಳು ಬಂತು. ಸೆರಗು ಮುಂದೆಳೆದುಕೊಂಡು ಅತ್ತೆಯ ಕಡೆ ನೋಡಿದರೆ ಅವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಎದುರು ಬಾಗಿಲಲ್ಲಿ ದೊಡ್ಡ ಅತ್ತೆಯೂ ಅಷ್ಟೇ.

ನಮ್ಮೂರ ಕಲ್ಲು ಮೆತ್ತಗೆ, ಉಳಿಗೆ ಬೇಗ ಮಾತು ಕೇಳುತ್ತದೆ. ರಾಜೇಸಾಬ ಎರಡು ದಿನ ಮುಂಜಾನೆಯಿಂದ ಕತ್ತಲಾಗುವವರೆಗೆ ಕೆತ್ತಿ ಹದಿನಾಲ್ಕು ತುಂಡು ಮಾಡಿದ. ಬೆಲ್ಲ ತೀರಿತ್ತು. ಆಯಿ ಬುಟ್ಟಿಯಲ್ಲಿ ತನ್ನ ಬೆಲ್ಲದ ಅಚ್ಚು ಇಳಿಬಿಟ್ಟಳು. ಮೂರನೆಯ ದಿನ ಕೆಳಗಿನಿಂದ ಕೂಡಿಸುತ್ತ ಮೇಲೆ ಹೋದ. ಮೇಲಿನ ಕೊನೆಯ ಕಲ್ಲು ಕೂಡಿಸಿ ಕೈ ತೊಳೆಯುವಾಗ ಮಧ್ಯಾಹ್ನ ತಿರುಗಿತ್ತು. ಕರಿ ಮೋಡ ನೆತ್ತಿಗೆ ಬಂದಿತ್ತು.

ನಾನು ಹಿತ್ತಲ ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಒಣಗಿಸಿದ್ದ ಶಾವಿಗೆ ಬಾಚುತ್ತಿದ್ದೆ. ಮೊದಲ ಹನಿ ಬಿದ್ದದ್ದೇ ಕೆಳಗಿನಿಂದ ರಾಜೇಸಾಬ ಕೂಗಿದ: "ಬೆಳಕಿಂಡಿ ಮುಚ್ಚ್ರಿ! ಗಚ್ಚು ಹಸಿ ಐತಿ, ತೊಳದ ಹೋಗ್ತತಿ!" ಬೆಳಕಿಂಡಿಯ ಗಾಜು ಒಡೆದು ಎಷ್ಟು ವರ್ಷವಾಗಿತ್ತೋ. ಅದೂ ಸಾಮಾಯಿಕವೇ. ಮಾವ ಒಂದು ಕಡೆಯಿಂದ, ದೊಡ್ಡ ಮಾವ ಇನ್ನೊಂದು ಕಡೆಯಿಂದ ನಿಚ್ಚಣಿಕೆ ಹತ್ತಿ ಬಂದರು. ಮಳೆಗೆ ಹೊದಿಸಲು ರಾಜೇಸಾಬನ ತಾಡಪತ್ರಿ ಒಂದೇ ಇತ್ತು. ಒಬ್ಬರು ಒಂದು ತುದಿ ಹಿಡಿದರು, ಇನ್ನೊಬ್ಬರು ಇನ್ನೊಂದು. ಗಾಳಿ ಎಂದರೆ ಗಾಳಿ. ತಾಡಪತ್ರಿ ಉಬ್ಬಿ ಇಬ್ಬರನ್ನೂ ಎಳೆದಾಡಿತು. ಮಾವ ತಮ್ಮ ಕಡೆಗೆ ಜೋರಾಗಿ ಜಗ್ಗಿದರು.

"ಲೇ ಸಂಗ್ಯಾ, ಜಗ್ಗಬ್ಯಾಡೋ, ಹರೀತೈತಿ!" ಎಂದು ದೊಡ್ಡ ಮಾವ ಚೀರಿದರು.

"ನೀ ಬಗ್ಗೋ ಅಣ್ಣಾ! ಬಗ್ಗಿ ಹಿಡಿ! ನೀರು ಒಳಗ ಹೊಂಟೈತಿ!"

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ಆಡಿದವರಿಗೆ ಅದು ಗೊತ್ತಾಗಲೇ ಇಲ್ಲ. ಕೇಳಿಸಿಕೊಂಡ ನಾನು ಶಾವಿಗೆ ಬಿಟ್ಟು ಬಾಯಿ ತೆರೆದು ನಿಂತಿದ್ದೆ. ಶಾವಿಗೆಯೆಲ್ಲ ಅಲ್ಲೇ ಪಾಯಸವಾಯಿತು. ಖೋಲಿಯ ಬಾಗಿಲಲ್ಲಿ ಆಯಿ ಕೂತು ನೋಡುತ್ತಿದ್ದಳು. ಮಳೆ ಒಂದು ತಾಸು ಹೊಡೆಯಿತು. ಇಬ್ಬರೂ ಮೊಣಕಾಲೂರಿ ತಾಡಪತ್ರಿಯ ಮೇಲೆ ಬಿದ್ದುಕೊಂಡಿದ್ದರು. ಬಿಟ್ಟರೆ ಗಾಳಿಗೆ ಹಾರುತ್ತದೆ, ಬಿಡುವಂತಿಲ್ಲ. ಅರ್ಧ ತಾಸಿನ ಮೇಲೆ ದೊಡ್ಡ ಮಾವ, "ನಿನ್ನ ಕಲ್ಲಿನ ಖಣಿಯಾಂವ ಭಾಳ ತಡಾ ಮಾಡಿದ," ಎಂದರು. "ನಿನ್ನಾಂವ ಏನು ಕಡಿಮಿ?" ಎಂದರು ಮಾವ. ಆಮೇಲೆ ಯಾವ ಖಣಿಯವನು ಹೆಚ್ಚು ಸೋಮಾರಿ ಎಂದು ಜಗಳ ಹತ್ತಿತು. ಮಳೆ ನಿಂತ ಮೇಲೂ ಇಬ್ಬರೂ ಎದ್ದಿರಲಿಲ್ಲ.

ಗಚ್ಚು ಉಳಿಯಿತು. ಐದು ದಿನ ಕಲ್ಲು ತುಳಿಯಬಾರದು ಎಂದಿದ್ದ ರಾಜೇಸಾಬ. ಆರನೆಯ ದಿನ ಆಯಿ ಇಳಿದಳು. ಎರಡೂ ಮನೆಯವರು ಕೆಳಗೆ ನಿಂತಿದ್ದೆವು. ಎಡಗೈ ಎಡದ ತೊಲೆಗೆ, ಬಲಗೈ ಬಲದ ತೊಲೆಗೆ ನೀಡಿದರೆ ಎರಡೂ ಒಮ್ಮೆಗೇ ಎಟುಕಲಿಲ್ಲ. ಒಂದು ಬಿಟ್ಟು ಒಂದು ಹಿಡಿಯುತ್ತ, ತನ್ನ ಪಾಲಿನ ಗೇಣಿನ ಮೇಲೆ ಹೆಜ್ಜೆ ಇಡುತ್ತ, ಹದಿನಾಲ್ಕೂ ಮೆಟ್ಟಿಲು ಇಳಿದು ಬಂದು ಕೊನೆಯದರ ಮೇಲೆ ಕೂತಳು. "ಕಂಡಿಕಿ ಎಲ್ಲಿ? ಎರಡು ತಿಂಗಳ ಕೆಲಸ ಉಳದೈತಿ," ಎಂದಳು.

ಮೇಲಿದ್ದ ಗಂಟನ್ನು ಬಿಚ್ಚಿಡಲು ನನಗೆ ಹೇಳಿದಳು. ಅದು ಬರೀ ಹೆದರಿಸಲು ಕಟ್ಟಿದ್ದ ಗಂಟು, ಒಳಗೆ ಚಿಂದಿ ಬಟ್ಟೆ ಇರಬೇಕು ಎಂದುಕೊಂಡು ನಗುತ್ತಲೇ ಬಿಚ್ಚಿದೆ. ಎರಡು ಸೀರೆ, ಒಂದು ವಿಭೂತಿ ಗಟ್ಟಿ, ಒಂದು ತಾಟು, ದಾರಿಗೆಂದು ಕಟ್ಟಿದ ಜೋಳದ ಹಿಟ್ಟು. ಖರೆಯೇ ಹೊರಟಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು. ಹಿಟ್ಟನ್ನು ಒಯ್ದು ಅತ್ತೆಗೆ ಕೊಟ್ಟೆ, ಅವರು ಅರ್ಧವನ್ನು ದೊಡ್ಡ ಅತ್ತೆಗೆ ಕೊಟ್ಟು ಕಳಿಸಿದರು. ಆ ದಿನ ಎರಡೂ ಮನೆಗಳಲ್ಲಿ ಆಯಿಯ ಹಿಟ್ಟಿನ ರೊಟ್ಟಿ.

ಅಣ್ಣತಮ್ಮಂದಿರು ಒಂದಾದರು, ನಡುಗೋಡೆ ಒಡೆದರು ಎಂದು ಬರೆದರೆ ಚೆಂದ, ಆದರೆ ಹಾಗೇನೂ ಆಗಲಿಲ್ಲ. ಮಗ್ಗ ಬೇರೆ, ಒಲೆ ಬೇರೆ ಇದ್ದೇ ಇದ್ದವು. ಮಾತು ಮಾತ್ರ ನಡೆಯಿತು, ಅದೂ ಹೆಚ್ಚಾಗಿ ಜಗಳದ ಮಾತೇ. ಹಂಡೆಯ ಮುಚ್ಚಳ ಇವತ್ತಿಗೂ ಆ ಕಡೆಯೇ ಇದೆ. ಆಯಿ ಇನ್ನೂ ಎಂಟು ವರ್ಷ ಆ ಮೆಟ್ಟಿಲು ಹತ್ತಿ ಇಳಿದಳು.

ತೊಟ್ಟಿಲ ಕಾರ್ಯದ ದಿನ ಜನ ಕಡಿಮೆಯಾದ ಮೇಲೆ ನಾನು ಮೆಟ್ಟಿಲ ಹತ್ತಿರ ಹೋಗಿ ನಿಂತೆ. ಎರಡೂ ಬದಿಯ ಕೆಂಪು ಕಲ್ಲು ನಿನ್ನೆ ಹಾಕಿದ ಹಾಗಿದ್ದವು. ರಾಜೇಸಾಬನ ಉಳಿಯ ಗುರುತು ಕೂಡ ಅಳಿದಿರಲಿಲ್ಲ. ನಡುವಿನ ಆಯಿಯ ಗೇಣು ಮಾತ್ರ ಹದಿನಾಲ್ಕೂ ಮೆಟ್ಟಿಲಿಗೆ ತಗ್ಗು ಬಿದ್ದಿತ್ತು. ಬಾದಾಮಿ ಕಲ್ಲು ಮೆತ್ತಗೆ, ಅದಕ್ಕೇ ಸವೆದಿದೆ ಎಂದು ನಮ್ಮವರು ನನ್ನನ್ನು ಕೆಣಕುತ್ತಿದ್ದರು. ಇರಬಹುದು. ಆದರೆ ಯಾರೂ ತುಳಿಯದೆ ಕಲ್ಲು ತಾನಾಗಿ ಸವೆಯುವುದಿಲ್ಲ.

ನಾನು ಎಡದ ತೊಲೆ ಹಿಡಿದು ಹತ್ತಬೇಕೆನ್ನುವಾಗ ಮೇಲಿನಿಂದ ಒಬ್ಬ ಹುಡುಗಿ ಇಳಿದು ಬಂದಳು. ಆ ಕಡೆಯ ಮನೆಗೆ ಈ ವರ್ಷ ಬಂದ ಸೊಸೆ, ಹಸಿರು ಬಳೆ ಇನ್ನೂ ಮಾಸಿಲ್ಲ. ಒಣಗಿದ ಬಟ್ಟೆಯ ರಾಶಿ ಹೊತ್ತು ನಟ್ಟನಡುವೆ ಹೆಜ್ಜೆ ಇಡುತ್ತ ಬರುತ್ತಿದ್ದಳು. ನನಗೆ ತಮಾಷೆ ಅನ್ನಿಸಿತು.

"ಏನವಾ ತಂಗಿ, ನಿಮ್ಮ ಬಾಜು ಯಾವುದಂತ ನಿಮ್ಮತ್ತಿ ಹೇಳಿಲ್ಲೇನು?" ಎಂದು ಕೇಳಿದೆ.

ಅವಳು ಬಟ್ಟೆಯ ರಾಶಿಯ ಮೇಲಿನಿಂದ ನನ್ನನ್ನು ನೋಡಿದಳು.

"ಯಾವ ಬಾಜು, ಆಯಿ?"

"ಏನಿಲ್ಲವ್ವಾ," ಎಂದೆ. ಅವಳಿಗೆ ದಾರಿ ಬಿಡಲು ಬಲಕ್ಕೆ, ಅವರ ಬಾಜಿಗೆ ಸರಿದೆ.